ಕೆಲಸಕ್ಕೆ ಸೇರುವ ಮುನ್ನ ಮನೆತನ ನೋಡಿ



ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಏನೆಲ್ಲ ವಿಚಾರಿಸುತ್ತೇವೆ! ಹುಡುಗ ಕುಡಿಯುತ್ತಾನೆಯೇ, ಅತ್ತೆಯ ಮಾತು ಹೇಗೆ, ಆ ಮನೆಯ ಹಿರಿಯ ಸೊಸೆ ನಗುನಗುತ್ತಾ ಇದ್ದಾಳೆಯೇ ಎಂದು ಹತ್ತು ಮನೆ ಕೇಳುತ್ತೇವೆ. ಅದೂ ಸಾಲದೆಂಬಂತೆ ದೇವಾಲಯದಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುತ್ತೇವೆ. ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಲಿ ಎಂಬುದೇ ಅದರ ಉದ್ದೇಶ. ಆದರೆ ಅದೇ ಮಗ ಅಥವಾ ಮಗಳು ಕಂಪನಿಯೊಂದಕ್ಕೆ ಸೇರುವಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಸಂಬಳ ಎಷ್ಟು?" ದಿನದ ಒಂಬತ್ತು ಗಂಟೆ ಕಳೆಯುವ ಮನೆ ಅದು. ಅಲ್ಲಿಯ ಮನೆತನ ಹೇಗೆ ಎಂದು ಯಾರೂ ಕೇಳುವುದಿಲ್ಲ.

ಕಳೆದ ವರ್ಷ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಮಗಳೊಡನೆ ಗುರುನಿವಾಸಕ್ಕೆ ಬಂದರು. ಕೈಯಲ್ಲಿ ಕೆಲಸದ ಪತ್ರ. "ಸ್ವಾಮಿ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಇದರ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ" ಎಂದರು. ಮಗಳು ಮಾತ್ರ ಮೆಲ್ಲಗೆ ಕೇಳಿದಳು: "ಫಾದರ್, ಅದು ಒಳ್ಳೆ ಜಾಗವೋ ಅಲ್ಲವೋ ಅಂತ ಸೇರುವ ಮೊದಲೇ ತಿಳಿಯೋದು ಹೇಗೆ?"

ತಾಯಿ ಆಕೆಯನ್ನು ಗದರಿಸಿದರು. ನಾನು ಗದರಿಸಲಿಲ್ಲ. ಏಕೆಂದರೆ ಎಂಟು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ.

ನನ್ನ ತಪ್ಪು

ಆಗ ನಾನಿದ್ದ ಧರ್ಮಕೇಂದ್ರದ ಯುವಕನೊಬ್ಬ ಪದವಿ ಮುಗಿಸಿ ನಗರದ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದ. ಸಂಜೆ ಫೋನ್ ಮಾಡಿ, "ಕೆಲಸ ಸಿಕ್ಕಿತು ಫಾದರ್, ಆದರೆ ಯಾಕೋ ಮನಸ್ಸು ಹಿಂಜರಿಯುತ್ತಿದೆ" ಎಂದ. ಮೂರು ಗಂಟೆ ಕಾಯಿಸಿದರಂತೆ. ಅವನ ಕಣ್ಣೆದುರೇ ಮೇಲಧಿಕಾರಿಯೊಬ್ಬರು ವಯಸ್ಸಾದ ವಾಚ್‌ಮನ್‌ಗೆ ಏಕವಚನದಲ್ಲಿ ಬೈದರಂತೆ. ಎರಡು ವರ್ಷ ಬಿಟ್ಟು ಹೋಗುವುದಿಲ್ಲವೆಂಬ ಬಾಂಡಿಗೆ ಸಹಿ ಹಾಕಿ, ಮೂಲ ಅಂಕಪಟ್ಟಿಗಳನ್ನು ಅಲ್ಲೇ ಬಿಟ್ಟು ಹೋಗು ಎಂದರಂತೆ. ನಾನು ಹೇಳಿದ್ದು ಇಷ್ಟೇ: "ಮೊದಲ ಕೆಲಸ ಹಾಗೇ ಇರುತ್ತೆ ಮಗನೇ. ಬಂದ ಅನ್ನವನ್ನು ಒದೆಯಬೇಡ. ದೇವರ ಮೇಲೆ ಭಾರ ಹಾಕಿ ಸೇರು."

ಹನ್ನೊಂದು ತಿಂಗಳ ನಂತರ ಅವನು ಊರಿಗೆ ಮರಳಿದ. ಗುರುನಿವಾಸದ ಜಗಲಿಯಲ್ಲಿ ಕುಳಿತು ಹೇಳಿದ ಮಾತನ್ನು, ಅವನ ಒಪ್ಪಿಗೆ ಪಡೆದೇ, ಇಲ್ಲಿ ಬರೆಯುತ್ತಿದ್ದೇನೆ. "ಬೈಗುಳ ಸಹಿಸಿಕೊಂಡೆ ಫಾದರ್. ನಿದ್ದೆ ಇಲ್ಲದ್ದನ್ನೂ ಸಹಿಸಿಕೊಂಡೆ. ಆದರೆ ವಯಸ್ಸಾದವರಿಗೆ ಸುಳ್ಳು ಹೇಳಿ ಯೋಜನೆಗಳನ್ನು ಮಾರಬೇಕಿತ್ತು. ಮೊದಲ ವಾರ ಕೈ ನಡುಗಿತು. ಆರನೆಯ ತಿಂಗಳು ನಡುಗಲಿಲ್ಲ. ಅದೇ ನನಗೆ ಭಯವಾಯಿತು."

ಅವನ ಕಣ್ಣು ಎಲ್ಲವನ್ನೂ ಮೊದಲ ದಿನವೇ ಕಂಡಿತ್ತು. ಕಂಡದ್ದಕ್ಕೆ ಬೆಲೆ ಕೊಡು ಎಂದು ಹೇಳಬೇಕಾದ ನಾನೇ ಅದನ್ನು ತಳ್ಳಿಹಾಕಿದೆ. ವಿಶ್ವಾಸದ ಹೆಸರಿನಲ್ಲಿ ಅವಿವೇಕವನ್ನು ಬೋಧಿಸಿದೆ.

ಮೋಶೆ ಕೇಳಿದ ಪ್ರಶ್ನೆಗಳು

ಪವಿತ್ರ ಗ್ರಂಥದ ಸಂಖ್ಯಾಕಾಂಡ 13ನೇ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ ನೋಡಿ. ಕಾನಾನ್ ನಾಡನ್ನು ಕೊಡುವುದಾಗಿ ದೇವರೇ ಮಾತು ಕೊಟ್ಟಿದ್ದರು. ಆದರೂ ಮೋಶೆ ಹನ್ನೆರಡು ಜನರನ್ನು ಮುಂದಾಗಿ ಕಳುಹಿಸುತ್ತಾನೆ. ನೆಲ ಫಲವತ್ತಾದುದೋ ಬರಡೋ, ಜನರು ಎಂಥವರು, ಅವರು ಡೇರೆಗಳಲ್ಲಿದ್ದಾರೋ ಕೋಟೆಗಳಲ್ಲೋ, ಮರಗಳಿವೆಯೋ ಇಲ್ಲವೋ ಎಂದು ನೋಡಿ ಬರಲು ಹೇಳುತ್ತಾನೆ. ಬರುವಾಗ ಅಲ್ಲಿಯ ಹಣ್ಣನ್ನೂ ತರಬೇಕೆನ್ನುತ್ತಾನೆ. ಅವರು ನಲವತ್ತು ದಿನ ತಿರುಗಿ, ಎಷ್ಕೋಲ್ ಕಣಿವೆಯಿಂದ ಇಬ್ಬರು ಹೊರುವಷ್ಟು ದೊಡ್ಡ ದ್ರಾಕ್ಷಿ ಗೊಂಚಲನ್ನು ತಂದರು.

ದೇವರ ವಾಗ್ದಾನವಿದ್ದ ನಾಡನ್ನೇ ವಿಚಾರಿಸಿ ನೋಡಬೇಕಾಯಿತು ಎಂದಮೇಲೆ, ವಿಚಾರಿಸುವುದು ಅವಿಶ್ವಾಸವಲ್ಲ. ಮರವನ್ನು ಫಲದಿಂದ ಗುರುತಿಸಬೇಕೆಂದು ಪ್ರಭು ಯೇಸುವೂ ಕಲಿಸಿದರು. ಕಂಪನಿಯ ಗಾಜಿನ ಕಟ್ಟಡ, ಹೆಸರು, ಸಂಬಳದ ಅಂಕಿ, ಇವು ಎಲೆಗಳು. ಈಗಾಗಲೇ ಅಲ್ಲಿ ದುಡಿಯುತ್ತಿರುವ ಜನ ಏನಾಗಿದ್ದಾರೆ ಎಂಬುದೇ ಫಲ.

ಧರ್ಮಸಭೆಗೆ ಇದು ಹೊಸ ಚಿಂತೆಯಲ್ಲ. 1891ರ ಮೇ 15ರಂದು ಪೋಪ್ 13ನೇ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 'ರೇರುಂ ನೋವಾರುಂ' ವಿಶ್ವಪತ್ರವನ್ನು ಹೊರಡಿಸಿದರು. 1981ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು, ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಎಂಬ ತತ್ವವನ್ನು 'ಲಬೋರೆಂ ಎಕ್ಸರ್ಚೆನ್ಸ್' ವಿಶ್ವಪತ್ರದಲ್ಲಿ ವಿವರಿಸಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಳ್ಳಲು 1891ರ ಆ ಪತ್ರವೂ ಒಂದು ಮುಖ್ಯ ಕಾರಣವೆಂದು ತಾವೇ ತಿಳಿಸಿದರು.

ಯುವ ಕಾರ್ಮಿಕರಿಗೆ ದಾರಿ ತೋರಿಸಿದ ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡಿನ್ (1882–1967) ಮೂರು ಹೆಜ್ಜೆಗಳನ್ನು ಕಲಿಸಿದರು: ನೋಡು, ತೀರ್ಮಾನಿಸು, ಕಾರ್ಯಮಾಡು. 1961ರಲ್ಲಿ ಪೋಪ್ 23ನೇ ಜಾನ್ ಅವರೂ ಇದನ್ನು ತಮ್ಮ ವಿಶ್ವಪತ್ರದಲ್ಲಿ ಮೆಚ್ಚಿ ಶಿಫಾರಸು ಮಾಡಿದರು. ನಮ್ಮ ಪ್ರಶ್ನೆಗೂ ಈ ಮೂರು ಹೆಜ್ಜೆಗಳೇ ಸಾಕು.

ಮೊದಲನೆಯದು: ನೋಡು

ಮೊದಲು ಕಾಗದ ನೋಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಲೇಬೇಕು. "ಆಮೇಲೆ ಕೊಡುತ್ತೇವೆ" ಎನ್ನುವ ಕಡೆ ಎಚ್ಚರವಿರಲಿ. ಕಂಪನಿಗೆ ನಿಮ್ಮಿಂದಾಗುವ ವಾರ್ಷಿಕ ಒಟ್ಟು ಖರ್ಚು ಬೇರೆ, ತಿಂಗಳ ಕೊನೆಗೆ ನಿಮ್ಮ ಕೈಗೆ ಬರುವ ಹಣ ಬೇರೆ. ಕೈಗೆ ಬರುವುದೆಷ್ಟು ಎಂದು ಕೇಳಿ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಾದರೆ ಭವಿಷ್ಯನಿಧಿ ಕಟ್ಟುತ್ತಾರೆಯೇ ಎಂದು ಕೇಳಿ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಆ ಸಮಿತಿಯ ವಿಷಯ ಕೇಳಿದಾಗ ಉತ್ತರ ಬರುತ್ತದೆಯೋ ನಗು ಬರುತ್ತದೆಯೋ ಗಮನಿಸಿ. ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳುವವರ ಕಡೆಗೆ ತಿರುಗಿಯೂ ನೋಡಬೇಡಿ.

ಎರಡನೆಯದಾಗಿ, ಕೆಳಗಿನವರನ್ನು ನೋಡಿ. ಮೇಲಧಿಕಾರಿ ನಿಮ್ಮೊಡನೆ ಸಂದರ್ಶನದಲ್ಲಿ ಸಿಹಿಯಾಗಿಯೇ ಮಾತನಾಡುತ್ತಾರೆ. ಕಸ ಗುಡಿಸುವಾಕೆಯೊಡನೆ, ಟೀ ತರುವ ಹುಡುಗನೊಡನೆ, ವಾಚ್‌ಮನ್‌ನೊಡನೆ ಹೇಗೆ ಮಾತನಾಡುತ್ತಾರೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು.

ಮೂರನೆಯದಾಗಿ, ಹೋಗಿ ನೋಡಿ. ಈಗ ಎಷ್ಟೋ ಸಂದರ್ಶನಗಳು ಫೋನಿನ ಪರದೆಯಲ್ಲೇ ಮುಗಿದುಬಿಡುತ್ತವೆ. ದೂರದ ಬೆಟ್ಟ ನುಣ್ಣಗೆ. ಸಾಧ್ಯವಾದರೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ಆರು ಗಂಟೆಗೆ ಬಿಡುವ ಕಚೇರಿಯಿಂದ ಎಂಟರವರೆಗೂ ಯಾರೂ ಹೊರಗೆ ಬಾರದಿದ್ದರೆ ಅದೂ ಒಂದು ಉತ್ತರವೇ.

ನಾಲ್ಕನೆಯದಾಗಿ, ಕೇಳಿ ತಿಳಿಯಿರಿ. ಸಂದರ್ಶನದ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯೇ?" ಎಂದಾಗ ನಮ್ಮ ಮಕ್ಕಳು ತಲೆ ಅಲ್ಲಾಡಿಸಿ ಎದ್ದುಬರುತ್ತಾರೆ. ವಿನಯದಿಂದಲೇ ಕೇಳಬಹುದು: "ನನಗಿಂತ ಮೊದಲು ಈ ಜಾಗದಲ್ಲಿದ್ದವರು ಏಕೆ ಬಿಟ್ಟರು, ಸರ್? ಹೊಸಬರು ತಪ್ಪು ಮಾಡಿದರೆ ಹೇಗೆ ತಿದ್ದುತ್ತೀರಿ? ಭಾನುವಾರ ಬರಬೇಕಾದರೆ ಬದಲಿ ರಜೆ ಇದೆಯೇ?" ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ತಿಳಿಸುತ್ತದೆ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾಗುವವರು ನಾಳೆ ನಿಮ್ಮ ಕಷ್ಟವನ್ನು ಕೇಳುವರೇ? ಅಲ್ಲಿ ಈಗ ದುಡಿಯುವವರನ್ನೂ, ಬಿಟ್ಟು ಬಂದವರನ್ನೂ ಮಾತನಾಡಿಸಿ. ಆದರೆ ಒಬ್ಬನ ಸಿಟ್ಟಿನ ಮಾತನ್ನೇ ನಂಬಬೇಡಿ, ಅದನ್ನು ಊರಿಗೆಲ್ಲ ಹರಡಲೂಬೇಡಿ. ಇಬ್ಬರು ಮೂವರು ಸಾಕ್ಷಿಗಳು ಬೇಕೆಂಬುದು ಧರ್ಮೋಪದೇಶಕಾಂಡದ ನಿಯಮ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಕೊಡಿ.

ಎರಡನೆಯದು: ತೀರ್ಮಾನಿಸು

ಇಲ್ಲೊಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಅರಿಯಬೇಕು. ಕಷ್ಟ ಬೇರೆ, ಕೇಡು ಬೇರೆ. ಗಾರೆ ಕೆಲಸದ ಮೇಸ್ತ್ರಿಯೊಬ್ಬ ಸೊಟ್ಟಗಾದ ಗೋಡೆಯನ್ನು ಬೀಳಿಸಿ ಎರಡು ಸಲ ಕಟ್ಟಿಸುತ್ತಾನೆ. ಹುಡುಗನಿಗೆ ಕಷ್ಟವಾಗುತ್ತದೆ, ಆದರೆ ಕೆಲಸ ಬರುತ್ತದೆ. ಇನ್ನೊಬ್ಬ ಮೇಸ್ತ್ರಿ ಹತ್ತು ಜನರೆದುರು ಹುಡುಗನ ಅಪ್ಪನನ್ನು ಎತ್ತಾಡಿ ನಗುತ್ತಾನೆ. ಅಲ್ಲಿ ಗೋಡೆಯೂ ನೆಟ್ಟಗಾಗುವುದಿಲ್ಲ, ಹುಡುಗನೂ ಕುಗ್ಗುತ್ತಾನೆ. ಮೊದಲನೆಯವನ ಬಳಿ ಸೇರಲು ಹೆದರಬೇಡಿ. ಕಾನಾನಿಗೆ ಹೋದ ಹತ್ತು ಜನ ಅಲ್ಲಿಯ ಕಷ್ಟವನ್ನಷ್ಟೇ ಕಂಡು, ತಾವು ಮಿಡತೆಗಳಂತಿದ್ದೆವೆಂದು ಹೆದರಿ ಒಳ್ಳೆಯ ನಾಡನ್ನೇ ಬೇಡವೆಂದರು. ಅದೇ ನಾಡನ್ನು ನೋಡಿದ ಕಾಲೇಬನೂ ಯೆಹೋಶುವನೂ ಧೈರ್ಯ ಹೇಳಿದರು. ಕುಂದಿಲ್ಲದ ಕಚೇರಿ ಎಲ್ಲಿಯೂ ಇಲ್ಲ. ಕುಂದಿಲ್ಲದ ಧರ್ಮಕೇಂದ್ರವೂ ಇಲ್ಲ.

ತೀರ್ಮಾನಕ್ಕೆ ಮೂರು ಅಳತೆಗಳನ್ನು ಇಟ್ಟುಕೊಳ್ಳಿ. ಒಂದು, ಸತ್ಯ: ಈ ಕೆಲಸದಲ್ಲಿ ದಿನವೂ ಸುಳ್ಳು ಹೇಳಬೇಕಾಗುವುದೇ? ಎರಡು, ಘನತೆ: ತಪ್ಪು ಮಾಡಿದವನನ್ನು ಇಲ್ಲಿ ತಿದ್ದುತ್ತಾರೋ ಅವಮಾನಿಸುತ್ತಾರೋ? ಮೂರು, ಮನೆ: ಊಟಕ್ಕೆ, ಪ್ರಾರ್ಥನೆಗೆ, ತಂದೆತಾಯಿಗೆ, ಮುಂದೆ ಹುಟ್ಟುವ ಮಕ್ಕಳಿಗೆ ಸಮಯ ಉಳಿಯುವುದೇ? ಸಂಬಳ ಕಡಿಮೆಯಾದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬಹುದು. ಆದರೆ ಮೊದಲನೆಯ ಅಳತೆಯಲ್ಲಿ ಸೋತ ಜಾಗದಲ್ಲಿ ಎಷ್ಟು ಸಂಬಳ ಬಂದರೂ ನಷ್ಟವೇ. ನಮ್ಮ ಯುವಕನಿಗೆ ಭಯವಾದದ್ದೂ ಅಲ್ಲಿಯೇ.

ಮೂರನೆಯದು: ಕಾರ್ಯಮಾಡು

ತೂಗಿ ನೋಡಿ ಬೇಡವೆನಿಸಿದರೆ ಧನ್ಯವಾದ ಹೇಳಿ ಬಿಡಿ. ಅದು ಅಹಂಕಾರವಲ್ಲ. ಸರಿ ಎನಿಸಿದರೆ ಹಿಂಜರಿಯದೆ ಸೇರಿ, ಮನಸ್ಸಿಟ್ಟು ದುಡಿಯಿರಿ.

ಆದರೆ ಮನೆಯಲ್ಲಿ ಸಾಲವಿದೆ, ತಂಗಿಯ ಕಾಲೇಜು ಶುಲ್ಕ ಕಟ್ಟಬೇಕು, ಬೇರೆ ಕೆಲಸವಿಲ್ಲ ಎನ್ನುವವರು ಏನು ಮಾಡಬೇಕು? ಅವರನ್ನು ದೂರುವ ಹಕ್ಕು ನನಗಿಲ್ಲ. ಯಾಕೋಬನೂ ಬರಿಗೈಲಿ ಓಡಿಬಂದು ಸೋದರಮಾವ ಲಾಬಾನನ ಬಳಿ ದುಡಿಯಬೇಕಾಯಿತು. ಲಾಬಾನನು ಹತ್ತು ಸಲ ಕೂಲಿ ಬದಲಾಯಿಸಿದನೆಂದು ಯಾಕೋಬನೇ ಹೇಳಿಕೊಳ್ಳುತ್ತಾನೆ. ಅಲ್ಲಿಯೂ ದೇವರು ಅವನ ಕೈಬಿಡಲಿಲ್ಲ. ಸಮಯ ಬಂದಾಗ ಹೊರಟುಬರಲು ಅವರೇ ಹೇಳಿದರು. ಅನಿವಾರ್ಯವಾಗಿ ಸೇರುವವರು ಕಣ್ಣು ತೆರೆದು ಸೇರಲಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಒಪ್ಪಿಸಬೇಡಿ. ಸಹಿ ಹಾಕುವ ಮುನ್ನ ಬಾಂಡನ್ನು ತಿಳಿದವರೊಬ್ಬರಿಗೆ ಓದಿಸಿ. ದುಡಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳಿಗೆ ಮತ್ತೆ ಕುಳಿತು ಯೋಚಿಸುವುದೆಂದು ಮೊದಲೇ ದಿನ ಗೊತ್ತುಮಾಡಿ. ಸುಳ್ಳಿಗೆ ಮಾತ್ರ ಮೊದಲ ದಿನವೇ ಇಲ್ಲವೆನ್ನಿ.

ತಂದೆತಾಯಿಯರಲ್ಲಿ ಒಂದು ವಿನಂತಿ. ಮಗ ಫೋನಿನಲ್ಲಿ "ಇಲ್ಲಿ ಆಗುತ್ತಿಲ್ಲಮ್ಮ" ಎಂದಾಗ ಒಡನೆಯೇ "ಹೊಂದಿಕೊಂಡು ಹೋಗು" ಎನ್ನಬೇಡಿ. "ಏನಾಯಿತು ಮಗನೇ?" ಎಂದು ಮೊದಲು ಕೇಳಿ. ಅದು ಕಷ್ಟವಾದರೆ ಧೈರ್ಯ ಹೇಳಿ. ಕೇಡಾದರೆ ಮನೆಯ ಬಾಗಿಲು ತೆರೆದಿದೆ ಎಂದು ಹೇಳಿ. ಇದನ್ನು ಅಂದು ನಾನು ಹೇಳಿದ್ದರೆ ಆ ಯುವಕ ಹನ್ನೊಂದು ತಿಂಗಳು ಒಬ್ಬನೇ ನರಳುತ್ತಿರಲಿಲ್ಲ. ಅವನೀಗ ಚಿಕ್ಕ ಮುದ್ರಣಾಲಯವೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಸಂಬಳ ಮೊದಲಿಗಿಂತ ಕಡಿಮೆ. ಭಾನುವಾರ ಬಲಿಪೂಜೆಯಲ್ಲಿ ಮುಂದಿನ ಸಾಲಿನಲ್ಲಿರುತ್ತಾನೆ ಎಂದು ಅವನ ತಾಯಿ ತಿಳಿಸಿದರು.

ಇನ್ನು ಕಳೆದ ವರ್ಷ ಬಂದ ಆ ಹುಡುಗಿ? ಯೋಚಿಸಲು ಒಂದು ವಾರ ಸಮಯ ಬೇಕೆಂದು ಆಕೆ ಕಂಪನಿಗೆ ಬರೆದಳು. ಅವರು ಬೇಸರಪಡದೆ ಕೊಟ್ಟರು. ಅದೇ ಮೊದಲ ಒಳ್ಳೆಯ ಗುರುತು. ಆ ವಾರದಲ್ಲಿ ಅಲ್ಲಿ ದುಡಿಯುವ ಇಬ್ಬರನ್ನೂ ಬಿಟ್ಟು ಬಂದ ಒಬ್ಬಾಕೆಯನ್ನೂ ವಿಚಾರಿಸಿದಳು. ಬಿಟ್ಟು ಬಂದಾಕೆ, "ಕೆಲಸ ಜಾಸ್ತಿ, ಆದರೆ ಮರ್ಯಾದೆ ಕೊಡುತ್ತಾರೆ. ನಾನು ಬಿಟ್ಟದ್ದು ಮದುವೆಯಾಗಿ ಬೇರೆ ಊರಿಗೆ ಬಂದದ್ದರಿಂದ" ಎಂದಳಂತೆ. ಮುಂದಿನ ಭಾನುವಾರ ತಾಯಿ ಮಗಳು ಮತ್ತೆ ಬಂದರು. ಆಗ ಆ ಪತ್ರದ ಮೇಲೆ ಕೈಯಿಟ್ಟು ಆಶೀರ್ವದಿಸಿದೆ.

ಮನೆಯಲ್ಲಿ ಮಾತನಾಡಲು

1. ನಮ್ಮ ಮನೆಯವರು ಕೆಲಸಕ್ಕೆ ಸೇರಿದಾಗ ಸಂಬಳದ ಹೊರತು ಬೇರೇನು ವಿಚಾರಿಸಿದೆವು?
2. ಮನೆಯಲ್ಲಿ ದುಡಿಯುವವರು ತಮ್ಮ ಕೆಲಸದ ಜಾಗದ ನೋವನ್ನು ನಮ್ಮೆದುರು ಹೇಳಿಕೊಳ್ಳಬಲ್ಲರೇ?
3. ನಮ್ಮ ಅಂಗಡಿಯಲ್ಲಿ, ತೋಟದಲ್ಲಿ, ಅಡುಗೆಮನೆಯಲ್ಲಿ ದುಡಿಯುವವರು ನಮ್ಮ ಮನೆತನದ ಬಗ್ಗೆ ಹೊರಗೆ ಏನು ಹೇಳುತ್ತಿರಬಹುದು?

ಪ್ರಾರ್ಥನೆ

ನಜರೇತಿನ ಬಡಗಿಯ ಮನೆಯಲ್ಲಿ ದುಡಿದ ಪ್ರಭುವೇ, ಕೆಲಸ ಹುಡುಕುತ್ತಿರುವ ನಮ್ಮ ಮಕ್ಕಳಿಗೆ ನೋಡುವ ಕಣ್ಣನ್ನೂ, ಕೇಳುವ ಧೈರ್ಯವನ್ನೂ, ಆರಿಸುವ ವಿವೇಕವನ್ನೂ ದಯಪಾಲಿಸಿ. ಅನ್ನಕ್ಕಾಗಿ ಆತ್ಮವನ್ನು ಮಾರದಂತೆ ಅವರನ್ನು ಕಾಪಾಡಿ. ಕೆಲಸ ಕೊಡುವವರ ಹೃದಯದಲ್ಲಿ ನ್ಯಾಯವನ್ನು ನೆಲೆಗೊಳಿಸಿ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.