ಒಂದೇ ಕೈ ಚಾಚುವ ಕೂಸು: ಮನೆಯಲ್ಲಿ ಏನು ಮಾಡಬೇಕು?

ಎಂಟು ತಿಂಗಳ ಕೂಸು ಗಿಲಕಿಗೆ ಯಾವಾಗಲೂ ಎಡಗೈಯನ್ನೇ ಚಾಚಿದರೆ ‘ನಮ್ಮ ಪಾಪು ಎಡಚ’ ಎಂದು ಮನೆಯವರು ನಗುವುದುಂಟು. ಆದರೆ ವರ್ಷ ತುಂಬುವ ಮುನ್ನ ಎರಡೂ ಕೈ ಹೆಚ್ಚುಕಡಿಮೆ ಸಮನಾಗಿ ಆಡಬೇಕು. ಒಂದು ಕೈ ಹಿಂದೆಬಿದ್ದರೆ ಮಿದುಳಿನ ಒಂದು ಬದಿಗೆ ಹಾನಿಯಾಗಿರುವ ಸಾಧ್ಯತೆ ಇದೆ. ಮಿದುಳಿನ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿಯೇ ಸೆರೆಬ್ರಲ್ ಪಾಲ್ಸಿ; ಅದರ ಈ ಬಗೆಯನ್ನು ವೈದ್ಯರು ಹೆಮಿಪ್ಲೀಜಿಯಾ ಎನ್ನುತ್ತಾರೆ.

ಮಿದುಳಿನಲ್ಲಿ ಬಳಸಿದ ನರಸಂಪರ್ಕ ಗಟ್ಟಿಯಾಗುತ್ತದೆ, ಬಳಸದ್ದು ಸೊರಗುತ್ತದೆ. ಎಳವೆಯಲ್ಲಿ ಇದು ತೀರಾ ಚುರುಕು. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಕೋತಿಗಳಲ್ಲಿ ಕಂಡದ್ದೂ ಇದನ್ನೇ: ಸ್ಪರ್ಶಜ್ಞಾನ ಕಳೆದುಕೊಂಡ ಕೈಯನ್ನು ಅವು ಬಿಟ್ಟೇಬಿಟ್ಟವು, ಸರಿಯಿದ್ದ ಕೈಯನ್ನು ತಡೆದಾಗ ಮತ್ತೆ ಬಳಸಿದವು. ಚೆನ್ನಾಗಿರುವ ಕೈಯನ್ನು ಸ್ವಲ್ಪ ಹೊತ್ತು ತಡೆದು ದುರ್ಬಲ ಕೈಯನ್ನು ಆಡಿಸುವ ಇಂದಿನ ಮಕ್ಕಳ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ.

1. ಗಮನಿಸಿ. ನಾಲ್ಕು ತಿಂಗಳಾದರೂ ಒಂದು ಕೈಯ ಮುಷ್ಟಿ ಬಿಚ್ಚುವುದಿಲ್ಲವೇ? ಹೆಬ್ಬೆರಳು ಅಂಗೈಯೊಳಗೇ ಮಡಚಿರುತ್ತದೆಯೇ? ಅಂಗಿ ತೊಡಿಸುವಾಗ ಒಂದು ತೋಳು ಬಿಗಿಯೇ? ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ಹಂತಗಳನ್ನೂ ಹೋಲಿಸಿ ನೋಡಿ.

2. ತೋರಿಸಿ. ಮಕ್ಕಳ ವೈದ್ಯರಲ್ಲಿಗೆ ಹೋಗಿ. ಎಂಆರ್‌ಐ ವರದಿ ಬರಲಿ ಎಂದು ಥೆರಪಿಯನ್ನು ಮುಂದೂಡಬೇಡಿ.

3. ಆಡಿಸಿ. ಆಕ್ಯುಪೇಷನಲ್ ಥೆರಪಿಸ್ಟ್ ಒಪ್ಪಿದ ಮೇಲೆ, ಚೆನ್ನಾಗಿರುವ ಕೈಗೆ ಮೆತ್ತನೆಯ ಕಾಲುಚೀಲ ತೊಡಿಸಿ ಕೂರಿಸಿ. ಎಳೆಗೂಸಿಗೆ ದಿನಕ್ಕೆ ಅರ್ಧ ಗಂಟೆ ಸಾಕು. ದುರ್ಬಲ ಕೈಯ ಪಕ್ಕದಲ್ಲೇ ಗಿಲಕಿಯೋ ದಪ್ಪ ಬಳೆಯೋ ಇಡಿ. ಮೊದಲು ಮುಟ್ಟಿದರೂ ಸಾಕು, ಆಮೇಲೆ ಹಿಡಿಯಲಿ, ಆಮೇಲೆ ಲೋಟದೊಳಗೆ ಹಾಕಲಿ. ತುಸು ಕಷ್ಟವಾಗುವ, ಆದರೆ ಗೆಲ್ಲಬಹುದಾದ ಆಟವೇ ಸರಿ. ಅತ್ತರೆ ನಿಲ್ಲಿಸಿ. ನೀವೇ ಅದರ ಕೈ ಹಿಡಿದು ಆಡಿಸುವುದರಿಂದ ಹೆಚ್ಚು ಲಾಭವಿಲ್ಲ. ಪ್ರಯತ್ನ ಮಗುವಿನದೇ ಆಗಿರಬೇಕು. ಸ್ವಲ್ಪ ದೊಡ್ಡ ಮಗುವಾದರೆ ಚಪಾತಿ ಹಿಟ್ಟು ಕೊಡಿ, ಅಡುಗೆಮನೆಗಿಂತ ಒಳ್ಳೆಯ ಥೆರಪಿ ಕೋಣೆ ಇನ್ನೊಂದಿಲ್ಲ!

4. ಅತಿ ಮಾಡಬೇಡಿ. ಕೈಯನ್ನು ದಿನವಿಡೀ ಕಟ್ಟಿಡುವುದು ತಪ್ಪು. ಬೆಳೆಯುವ ಮಿದುಳಿನಲ್ಲಿ ಒಳ್ಳೆಯ ಕೈಯ ಸಂಪರ್ಕಗಳಿಗೂ ಧಕ್ಕೆಯಾದೀತು. ನಡೆಯುವಾಗ, ಮೆಟ್ಟಿಲಲ್ಲಿ, ಸ್ನಾನದಲ್ಲಿ ಕೈಗೆ ಕಾಲುಚೀಲ ಬೇಡವೇ ಬೇಡ.

5. ಎರಡೂ ಕೈ ಕೂಡಿಸಿ. ಚಪ್ಪಾಳೆ, ಚೆಂಡು, ಡಬ್ಬಿಯ ಮುಚ್ಚಳ ತೆಗೆಯುವುದು. ಬದುಕಿಗೆ ಬೇಕಾಗುವುದು ಈ ಜೋಡಿ ಕೆಲಸವೇ.

ಎರಡು ವರ್ಷ ದಾಟಿದರೆ ಎಲ್ಲ ಮುಗಿಯಿತು ಎಂಬ ಮಾತು ಸುಳ್ಳು, ಶಾಲೆಗೆ ಹೋಗುವ ಮಕ್ಕಳೂ ಸುಧಾರಿಸುತ್ತಾರೆ. ಮಿದುಳಿನ ಹಾನಿಯೇ ಅಳಿಸಿಹೋಗುತ್ತದೆ ಎಂಬುದೂ ಅಷ್ಟೇ ಸುಳ್ಳು. ಸೆರೆಬ್ರಲ್ ಪಾಲ್ಸಿಗೆ ಕಾಂಡಕೋಶ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅದನ್ನು ಸಂಶೋಧನೆಯ ಹೊರಗೆ ಒಪ್ಪಿಲ್ಲ. ಆ ಹಣ ಉಳಿಸಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ, ಚಿಕಿತ್ಸೆ ಉಚಿತ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ದಾರಿ ತೋರಿಸುತ್ತಾರೆ.