ಮದ್ದು ಹೊತ್ತ ವಿಮಾನ ನೆಲ ಬಿಡುವಾಗ

ಪೈರಿನ ಮೇಲೆ ಆಳೆತ್ತರದಲ್ಲಿ ಮದ್ದು ಸಿಂಪಡಿಸುತ್ತ ಹಾರುವ ವಿಮಾನವನ್ನು ಚಿತ್ರದಲ್ಲಿ ಕಂಡವರು, ವೈಮಾನಿಕನಿಗೆ ಅಪಾಯವಿರುವುದು ಅಲ್ಲಿ ಮಾತ್ರವೆಂದು ತಿಳಿಯುವುದು ಸಹಜ. ತುಂಬಿದ ತೊಟ್ಟಿಯೊಡನೆ ನೆಲ ಬಿಟ್ಟು ಮೇಲೇರುವ ಮೊದಲ ಅರ್ಧ ನಿಮಿಷವೂ ಕಡಿಮೆ ಅಪಾಯದ್ದಲ್ಲ. ಚಕ್ರಗಳು ನೆಲ ಬಿಟ್ಟ ಮೇಲೂ ವಿಮಾನವು ಏರಲಾರದೆ ರನ್‌ವೇಯ ತುದಿಯ ಮರಗಳಿಗೆ ಬಡಿಯುವುದುಂಟು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಈ ವಿದ್ಯೆ ಆರಂಭವಾದುದು 1921ರ ಆಗಸ್ಟ್ 3ರಂದು. ಅಮೆರಿಕದ ಓಹಾಯೋ ಸಂಸ್ಥಾನದ ಟ್ರಾಯ್ ಊರಿನ ಬಳಿ ಜಾನ್ ಮೆಕ್ರೆಡಿ ಎಂಬ ಸೇನಾ ವೈಮಾನಿಕನು ಕಟಾಲ್ಪ ಮರಗಳ ತೋಪಿನ ಮೇಲೆ ಸೀಸದ ಆರ್ಸನೇಟ್ ಪುಡಿಯನ್ನು ಉದುರಿಸಿ ಕಂಬಳಿಹುಳುಗಳನ್ನು ಕೊಂದನು. ನಮ್ಮಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಇದೇ ಕೆಲಸಕ್ಕಾಗಿ 400 ಅಶ್ವಶಕ್ತಿಯ 'ಬಸಂತ್' ವಿಮಾನವನ್ನು ರಚಿಸಿತು; ಅದರ ಪರಿಷ್ಕೃತ ಮಾದರಿಯು 1972ರಲ್ಲಿ ಹಾರಿತು. ಕರಾವಳಿಯ ಗೇರು ತೋಟಗಳ ಮೇಲೆ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಎಂಡೋಸಲ್ಫಾನ್ ಸುರಿದುದಾದರೋ ಹೆಲಿಕಾಪ್ಟರಿನಿಂದ. ಏರುತಗ್ಗಿನ ಈ ನೆಲದಲ್ಲಿ ಅದಕ್ಕೆ ರನ್‌ವೇಯ ಹಂಗಿಲ್ಲ.

ಆದರೂ ಬ್ರಹ್ಮಾವರಕ್ಕೂ ಬೈಂದೂರಿಗೂ ನಡುವೆ, ಕುಂದಾಪುರದ ಸಮೀಪ, ಮುರಕಲ್ಲಿನ ಬೋಳುಗುಡ್ಡವೊಂದರ ಮೇಲೆ 500 ಮೀಟರ್ ಉದ್ದದ ಮಣ್ಣಿನ ರನ್‌ವೇ ಇದೆಯೆಂದು ಊಹಿಸಿಕೊಳ್ಳೋಣ. ವಿಮಾನದ ತೂಕ 2,000 ಕಿಲೋಗ್ರಾಂ. 15 ಡಿಗ್ರಿ ಸೆಲ್ಸಿಯಸ್‌ನ ಒಣಗಾಳಿಯಲ್ಲಿ, ಸಮುದ್ರಮಟ್ಟದಲ್ಲಿ, ಅದು 250 ಮೀಟರ್ ಓಡಿ ನೆಲ ಬಿಡುತ್ತದೆ ಎನ್ನಿ.

ಈಗ ಮೇ ತಿಂಗಳ ಮಧ್ಯಾಹ್ನ. ಉಷ್ಣತೆ 35 ಡಿಗ್ರಿ. ಕಾದ ಗಾಳಿ ಹಿಗ್ಗಿ ಹಗುರಾಗಿದೆ. ಸೆಕೆಯ ಗಾಳಿ ಭಾರವೆಂದು ನಮಗೆ ತೋರುವುದೇನೋ ನಿಜ, ಆದರೆ ನೀರಾವಿಯ ಅಣುಭಾರ 18, ಒಣಗಾಳಿಯದು ಸರಾಸರಿ 29. ಆದುದರಿಂದ ತೇವವಿರುವ ಗಾಳಿಯೇ ಹಗುರ. ಎರಡೂ ಕಾರಣಗಳಿಂದ ಸಾಂದ್ರತೆಯು ಶೇಕಡಾ 8ರಷ್ಟು ಕುಗ್ಗುತ್ತದೆ. ರೆಕ್ಕೆಯ ಎತ್ತುವ ಬಲವು ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, ಅದೇ ಬಲಕ್ಕೆ ವೇಗದ ವರ್ಗವು ಶೇಕಡಾ 9ರಷ್ಟು ಹೆಚ್ಚಬೇಕು. ಎಂಜಿನ್ನಿಗೂ ಉಸಿರು ಕಡಿಮೆ. ವೇಗೋತ್ಕರ್ಷವು ಹತ್ತರಲ್ಲೊಂದು ಪಾಲು ತಗ್ಗುತ್ತದೆ. ಓಟ 300 ಮೀಟರಿಗೆ ಬೆಳೆಯಿತು.

ಸಂಜೆಯೊಳಗೆ ಕೆಲಸ ಮುಗಿಯಲೆಂದು 300 ಕಿಲೋಗ್ರಾಂ ಮದ್ದನ್ನು ಹೆಚ್ಚಾಗಿ ತುಂಬಿದರೆ? ತೂಕ ಹೆಚ್ಚಿದಷ್ಟೂ ಬೇಕಾದ ವೇಗದ ವರ್ಗ ಹೆಚ್ಚುತ್ತದೆ, ವೇಗೋತ್ಕರ್ಷ ಕುಗ್ಗುತ್ತದೆ. ಎಂದರೆ ಓಟವು ತೂಕದ ವರ್ಗದಂತೆ ಬೆಳೆಯುತ್ತದೆ: 300 ಮೀಟರ್ ಈಗ ಸುಮಾರು 400. ರನ್‌ವೇ 500 ಮೀಟರ್ ಇದೆಯಲ್ಲ, ಸಾಕೆಂದು ತೋರೀತು. ವಂಚನೆಯಿರುವುದು ಇಲ್ಲಿಯೇ.

ಮೇಲೇರಲು ಒದಗುವುದು ಎಂಜಿನ್ನಿನ ಪೂರ್ಣ ಶಕ್ತಿಯಲ್ಲ. ಸಮಮಟ್ಟದ ಹಾರಾಟಕ್ಕೆ ವೆಚ್ಚವಾಗಿ ಮಿಕ್ಕ ಶಕ್ತಿ ಮಾತ್ರ. ತಂಪು ಹವೆಯಲ್ಲಿ, ಸರಿಯಾದ ತೂಕದಲ್ಲಿ, ದೊರೆಯುವುದು 100 ಪಾಲು, ಬೇಕಾದುದು 70 ಎಂದಿಟ್ಟುಕೊಳ್ಳಿ, ಮಿಕ್ಕುದು 30. ಬಿಸಿಲಿನಲ್ಲಿ ದೊರೆಯುವುದು 91ಕ್ಕೆ ಇಳಿಯಿತು. ಬೇಕಾದ ಶಕ್ತಿಯು ತೂಕದ ಒಂದೂವರೆ ಘಾತದಂತೆ ಏರುವುದರಿಂದ 70 ಎಂಬುದು 86 ಆಯಿತು. ತೆಳುಗಾಳಿಯ ಲೆಕ್ಕವೂ ಸೇರಿ 90. ಮಿಕ್ಕುದು ಬರಿಯ 1. ಓಟ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಯಿತು ಅಷ್ಟೆ, ಆದರೆ ಏರುವ ಶಕ್ತಿ ಹೆಚ್ಚುಕಡಿಮೆ ಇಲ್ಲವಾಯಿತು.

ಹಾಗಿದ್ದರೆ ವಿಮಾನವು ನೆಲ ಬಿಟ್ಟುದಾದರೂ ಹೇಗೆ? ರೆಕ್ಕೆಯ ಕೆಳಗಿನ ಹೆಚ್ಚು ಒತ್ತಡದ ಗಾಳಿಯು ತುದಿಗಳನ್ನು ಬಳಸಿ ಮೇಲಕ್ಕೆ ನುಗ್ಗಿ ಸುಳಿಗಳನ್ನು ಮಾಡುತ್ತದೆ. ಆ ಸುಳಿಗಳಿಗೆ ತೆರುವ ಶಕ್ತಿಯೇ ನಿಧಾನ ಹಾರಾಟದಲ್ಲಿನ ಪ್ರತಿರೋಧದ ದೊಡ್ಡ ಪಾಲು. ನೆಲ ಹತ್ತಿರವಿದ್ದರೆ ಸುಳಿ ಹರಡಲು ಎಡೆಯಿಲ್ಲ. ರೆಕ್ಕೆಯ ತುದಿಯಿಂದ ತುದಿಗೆ 12 ಮೀಟರ್ ಇದ್ದರೆ, 1.2 ಮೀಟರ್ ಎತ್ತರದಲ್ಲಿ ಸುಳಿಯ ಪ್ರತಿರೋಧವು ಅರ್ಧದಷ್ಟು ಮಾತ್ರ. ನೆಲವೇ ವಿಮಾನಕ್ಕೆ ಶಕ್ತಿಯನ್ನು ಕಡ ಕೊಟ್ಟಂತೆ! ಹತ್ತು ಮೀಟರ್ ಏರುವುದರೊಳಗೆ ಆ ಕಡವನ್ನೆಲ್ಲ ಹಿಂದಿರುಗಿಸಬೇಕು. ಎದುರಿಗೆ ತೆಂಗಿನ ಮರಗಳು. ವೈಮಾನಿಕನು ಮೂತಿಯನ್ನು ಇನ್ನಷ್ಟು ಎತ್ತುತ್ತಾನೆ. ಪ್ರತಿರೋಧ ಹೆಚ್ಚಿ ವೇಗ ಇಳಿಯುತ್ತದೆ. ಓರೆ ಮಿತಿಮೀರಿದಾಗ ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದರಿ, ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ.

ಇದಕ್ಕೆಂದೇ ಕೈಗೆ ಎಟಕುವಂತೆ ಸನ್ನೆಕೋಲೊಂದಿದೆ. ಎಳೆದರೆ ತೊಟ್ಟಿಯ ತಳ ತೆರೆದು ಮದ್ದೆಲ್ಲ ಕೆಲವು ಸೆಕೆಂಡುಗಳಲ್ಲಿ ಕೆಳಗೆ ಬೀಳುತ್ತದೆ. 600 ಕಿಲೋಗ್ರಾಂ ಹೋದರೆ ಬೇಕಾದ ಶಕ್ತಿ 90ರಿಂದ 57ಕ್ಕೆ ಇಳಿದು, ವಿಮಾನ ಏರುತ್ತದೆ. ಆದರೆ ಹತ್ತಾರು ಎಕರೆಗೆ ಹರಡಬೇಕಾಗಿದ್ದ ವಿಷವು ಒಬ್ಬರ ಗದ್ದೆಗೋ ಬಾವಿಗೋ ಸುರಿಯಿತು. ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ದೇಶದಾದ್ಯಂತ ತಡೆದಾಗ ಕರಾವಳಿಯವರಿಗೆ ಕಾರಣವನ್ನು ವಿವರಿಸಬೇಕಾಗಿರಲಿಲ್ಲ. ತುದಿಯಲ್ಲಿ ಮನೆಗಳಿರುವ ರನ್‌ವೇಯಿಂದ ಇಂಥ ವಿಮಾನವನ್ನು ಹಾರಿಸುವುದೇ ತಪ್ಪೆಂದು ನಮ್ಮ ಅಭಿಪ್ರಾಯ.

ಸನ್ನೆಕೋಲನ್ನು ಎಳೆಯುವವನಿಗೆ ಇನ್ನೊಂದು ತೊಡಕುಂಟು. ತೊಟ್ಟಿಯು ಗುರುತ್ವಕೇಂದ್ರಕ್ಕಿಂತ ಮುಂದಿದ್ದರೆ, ಭಾರ ಜಾರಿದೊಡನೆ ವಿಮಾನದ ಮೂತಿ ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ. ಮರಗಳು ಎದುರಿಗಿರುವ ಆ ಗಳಿಗೆಯಲ್ಲಿಯೇ ಅವನು ಚಾಲಕದಂಡವನ್ನು ಮುಂದಕ್ಕೆ ಒತ್ತಿ ಮೂತಿಯನ್ನು ತಗ್ಗಿಸಬೇಕಾಗುತ್ತದೆ.