ಹ್ಯಾಂಡಲ್ ತಿರುಗಿತು, ಜೆಟ್ ಸ್ಕೀ ತಿರುಗಲಿಲ್ಲ

ಐದನೇ ಸೆಮ್ ಪರೀಕ್ಷೆ ಮುಗಿದ ಮರುದಿನವೇ ನಾವು ಏಳು ಜನ ಕರಾವಳಿಗೆ ಹೊರಟಿದ್ದೆವು. ಯಾವ ಬೀಚ್ ಅನ್ನೋದು ಇಲ್ಲಿ ಬೇಡ. ಜೆಟ್ ಸ್ಕೀ ಹತ್ತಿದೆ, ಹಿಂದೆ ಆಪರೇಟರ್ ಹುಡುಗ ಕೂತ. ಸ್ವಲ್ಪ ದೂರ ಹೋದ ಮೇಲೆ ಹ್ಯಾಂಡಲ್ ನನ್ನ ಕೈಗೇ ಕೊಟ್ಟ. ಅರ್ಧ ನಿಮಿಷ ಸ್ವರ್ಗ. ಆಮೇಲೆ ಪ್ಯಾರಾಸೇಲಿಂಗ್ ಎಳೆಯುವ ಬೋಟೊಂದು ಎದುರಿಗೆ ಅಡ್ಡ ಬಂತು. ನಾನು ಬೈಕ್ ಓಡಿಸುವವನು. ರೇಸ್ ಪೂರ್ತಿ ಬಿಟ್ಟು ಹ್ಯಾಂಡಲ್ ಎಡಕ್ಕೆ ಎಳೆದೆ. ಹ್ಯಾಂಡಲ್ ತಿರುಗಿತು, ಗಾಡಿ ಮಾತ್ರ ಬೋಟಿನ ಕಡೆಗೇ ನೇರವಾಗಿ ಜಾರಿಕೊಂಡು ಹೋಗುತ್ತಿತ್ತು.

"ರೇಸ್ ಬಿಡಬೇಡಿ ಮಾರಾಯ್ರೆ, ರೇಸ್ ಕೊಟ್ಟು ತಿರುಗಿಸಿ!" ಅಂತ ಹಿಂದಿನಿಂದ ಕೂಗಿ ಆ ಹುಡುಗ ಕೈ ಚಾಚಿ ತಾನೇ ರೇಸ್ ಒತ್ತಿದ. ಗಾಡಿ ತಟ್ಟನೆ ಪಕ್ಕಕ್ಕೆ ಹೊರಳಿತು. ಬೋಟಿಗೂ ನಮಗೂ ನಡುವೆ ಒಂದು ಕ್ಲಾಸ್‌ರೂಮಿನಷ್ಟು ಜಾಗವೂ ಉಳಿದಿರಲಿಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಳ್ಳೆಯ ಗ್ರೇಡ್ ತೆಗೆದವನು ನಾನು. ಹಾಗಿದ್ದೂ ಇದು ಯಾಕೆ ಹೊಳೆಯಲಿಲ್ಲ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ.

ಜೆಟ್ ಸ್ಕೀಗೆ ಹಡಗಿನ ಹಾಗೆ ಚುಕ್ಕಾಣಿ ಇಲ್ಲ. ಅಡಿಯಿಂದ ನೀರು ಎಳೆದುಕೊಳ್ಳುವ ಒಂದು ಪಂಪ್, ಒಳಗೆ ತಿರುಗುವ ಇಂಪೆಲ್ಲರ್, ಹಿಂದೆ ನೀರು ಚಿಮ್ಮುವ ನಾಝಲ್, ಇಷ್ಟೇ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಅಲ್ಲಿನ ಆಳವಿಲ್ಲದ ನದಿಗಳಿಗಾಗಿ ಬೆಳೆಸಿದ ಜೆಟ್ ಬೋಟಿನದೂ ಇದೇ ತತ್ವ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಹಿಂದಿನ ನಾಝಲ್. ಗಾಡಿಯನ್ನು ಪಕ್ಕಕ್ಕೆ ತಳ್ಳುವ ಬಲ ಎಷ್ಟು? ಪ್ರತಿ ಸೆಕೆಂಡಿಗೆ ಹೊರಬೀಳುವ ನೀರಿನ ದ್ರವ್ಯರಾಶಿ, ಅದರ ವೇಗ, ನಾಝಲ್ ತಿರುಗಿದ ಕೋನದ ಸೈನ್, ಈ ಮೂರರ ಗುಣಲಬ್ಧ. ನೀರಿನ ಪ್ರಮಾಣವೂ ಜೆಟ್ ವೇಗದ ಜೊತೆಗೇ ಇಳಿಯುತ್ತದೆ. ಹಾಗಾಗಿ ಜೆಟ್ ವೇಗ ಅರ್ಧವಾದರೆ ತಿರುಗಿಸುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ರೇಸ್ ಪೂರ್ತಿ ಬಿಟ್ಟರೆ ಬಲ ಸೊನ್ನೆಗೆ ಹತ್ತಿರ. ಆದರೆ ಗಾಡಿಯ ಮೊಮೆಂಟಮ್ ಎಲ್ಲೂ ಹೋಗಿರುವುದಿಲ್ಲ. ಅದು ಮುಂಚೆ ಹೋಗುತ್ತಿದ್ದ ದಿಕ್ಕಿನಲ್ಲೇ ಸಾಗುತ್ತದೆ.

ರಸ್ತೆಯಲ್ಲಿ ಜೀವ ಉಳಿಸುವ ಅಭ್ಯಾಸವೇ ನೀರಿನಲ್ಲಿ ಮುಳುವಾಗುವುದು ಹೀಗೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1998ರಲ್ಲೇ ಈ ವಾಹನಗಳ ಬಗ್ಗೆ ಪ್ರತ್ಯೇಕ ಅಧ್ಯಯನ ಪ್ರಕಟಿಸಿ, ರೇಸ್ ಬಿಟ್ಟಾಗ ಹಿಡಿತ ತಪ್ಪುವುದನ್ನು ಎತ್ತಿ ಹೇಳಿತ್ತು. ಬೇರೆ ಮೋಜಿನ ದೋಣಿಗಳಲ್ಲಿ ಜನ ಹೆಚ್ಚಾಗಿ ಮುಳುಗಿ ಸತ್ತರೆ, ಇಲ್ಲಿ ಹೆಚ್ಚಿನವರು ಸಾಯುವುದು ಡಿಕ್ಕಿಯ ಪೆಟ್ಟಿನಿಂದ ಎಂಬುದೂ ಅದರಲ್ಲಿತ್ತು. ಆಮೇಲೆ ಕಂಪನಿಗಳು ರೇಸ್ ಬಿಟ್ಟಾಗಲೂ ಒಂದಿಷ್ಟು ತಿರುಗುವ ವ್ಯವಸ್ಥೆಗಳನ್ನು ತಂದವು. ಸೀ-ಡೂ 2009ರಲ್ಲಿ ಜೆಟ್ ನೀರನ್ನೇ ಮುಂದಕ್ಕೆ ತಿರುಗಿಸುವ ಬ್ರೇಕ್ ತಂದಿತು. ನಿಮ್ಮ ಕೈಗೆ ಸಿಗುವ ಬಾಡಿಗೆ ಗಾಡಿಯಲ್ಲಿ ಅದು ಇದ್ದೇ ಇರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಇಷ್ಟು ಜೆಟ್ ಸ್ಕೀಯವನ ಪಾಠ. ಆದರೆ ಅವತ್ತು ಅಡ್ಡ ಬಂದ ಬೋಟಿನವರಿಗೂ ಇದು ಗೊತ್ತಿರಬೇಕಿತ್ತಲ್ಲವೇ? "ಅವನು ನೋಡಿದ್ದಾನೆ, ತಿರುಗಿಸಿಕೊಳ್ತಾನೆ" ಅಂತ ಬೋಟಿನವನು ಅಂದುಕೊಳ್ಳುವುದು, "ದೊಡ್ಡ ಬೋಟು, ಮೇಲೆ ನಿಂತವನಿಗೆ ನಾನು ಕಾಣ್ತೀನಿ" ಅಂತ ಜೆಟ್ ಸ್ಕೀಯವನು ಅಂದುಕೊಳ್ಳುವುದು, ಎರಡೂ ತಪ್ಪು. ಪವರ್‌ಬೋಟ್ ವೇಗ ಹಿಡಿಯುವಾಗ ಮೂತಿ ಮೇಲೇಳುತ್ತದೆ. ಆ ಕೆಲವು ಸೆಕೆಂಡು ಚಾಲಕನಿಗೆ ಮುಂದಿನ ನೀರು ಕಾಣುವುದಿಲ್ಲ. ಅಲ್ಲಿ ಜೆಟ್ ಸ್ಕೀಯಿಂದ ಬಿದ್ದವನೊಬ್ಬ ಇದ್ದರೆ? ಅಲೆಗಳ ನಡುವೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೇ ಕಾಣುತ್ತದೆ, ಕೆಳಗೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಲೈಫ್ ಜಾಕೆಟ್ ಕಿತ್ತಳೆಯೋ ಹಳದಿಯೋ ಇರಲಿ ಅನ್ನುವುದು ಫೋಟೊ ಚೆನ್ನಾಗಿ ಬರಲಿ ಅಂತಲ್ಲ.

ಎಲ್ಲಕ್ಕಿಂತ ಕೆಟ್ಟ ಜಾಗ ಬೋಟಿನ ಹಿಂದೆ ಏಳುವ ಅಲೆ. ಅದನ್ನು ಹಾರುವುದು ಜೆಟ್ ಸ್ಕೀಯವರಿಗೆ ಬಲು ಇಷ್ಟ, ರೀಲ್ಸ್‌ಗೂ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಬೋಟಿನ ಆ ಕಡೆಯಿಂದ ಬರುವ ಇನ್ನೊಂದು ದೋಣಿಯನ್ನು ಈ ಬೋಟೇ ಮರೆಮಾಡಿರುತ್ತದೆ. ಬೋಟ್ ತಟ್ಟನೆ ನಿಧಾನವಾಯಿತು ಅನ್ನಿ, ಹಿಂದಿನವನು ಗಾಬರಿಯಲ್ಲಿ ರೇಸ್ ಬಿಡುತ್ತಾನೆ. ಮುಂದಿನದ್ದು ನಿಮಗೀಗ ಗೊತ್ತು. ಅಷ್ಟು ಹತ್ತಿರ ಹೋಗಬಾರದು ಅನ್ನುವುದು ಅವನ ಹೊಣೆ. ನಿಧಾನ ಮಾಡುವ, ತಿರುಗಿಸುವ ಮುಂಚೆ ಒಮ್ಮೆ ಹಿಂದೆ ನೋಡುವುದು ಬೋಟಿನವನ ಹೊಣೆ.

ಸಮುದ್ರಕ್ಕೂ ಟ್ರಾಫಿಕ್ ರೂಲ್ಸ್ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ರೂಪುಗೊಂಡು 1977ರಿಂದ ಜಾರಿಯಲ್ಲಿವೆ. ನಾವು ರಸ್ತೆಯಲ್ಲಿ ಎಡಕ್ಕೆ ಹೋಗುವವರು, ಎದುರಿಗೆ ಗಾಡಿ ಬಂದರೆ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ನೀರಿನಲ್ಲಿ ಎದುರುಬದುರಾದ ಎರಡು ಯಂತ್ರದೋಣಿಗಳೂ ಬಲಕ್ಕೆ ಹೊರಳಬೇಕು. ಒಬ್ಬ ನಿಯಮದಂತೆ ಬಲಕ್ಕೆ, ಇನ್ನೊಬ್ಬ ಬೈಕಿನ ಅಭ್ಯಾಸದಂತೆ ಎಡಕ್ಕೆ ಹೊರಳಿದರೆ ಇಬ್ಬರೂ ಒಂದೇ ಕಡೆಗೆ ಬಂದಂತಾಯಿತು. ಇಬ್ಬರೂ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ನಡುವಿನ 100 ಮೀಟರ್ ಮುಗಿಯಲು ಬೇಕಾದದ್ದು 3 ಸೆಕೆಂಡ್. ಅದರಲ್ಲಿ ಒಂದು ಸೆಕೆಂಡ್ ಏನಾಗುತ್ತಿದೆ ಅಂತ ತಿಳಿಯುವುದಕ್ಕೇ ಹೋಗುತ್ತದೆ.

ದಾರಿಗಳು ಅಡ್ಡ ಹಾಯುವಾಗ, ಇನ್ನೊಂದು ದೋಣಿ ನಿಮ್ಮ ಬಲಗಡೆ ಇದ್ದರೆ ದಾರಿ ಬಿಡಬೇಕಾದವರು ನೀವು. ಹಿಂದಿನಿಂದ ದಾಟಿ ಹೋಗುವವನು, ಮುಂದಿರುವವನಿಂದ ದೂರ ಉಳಿದೇ ಹೋಗಬೇಕು. ನನಗೆ ತುಂಬ ಹಿಡಿಸಿದ್ದು 17ನೇ ನಿಯಮ. ದಾರಿಯ ಹಕ್ಕು ಇರುವವನು ತನ್ನ ದಿಕ್ಕು, ವೇಗ ಬದಲಿಸದೆ ಹೋಗಬೇಕು, ಇಲ್ಲದಿದ್ದರೆ ಎದುರಿನವನಿಗೆ ಲೆಕ್ಕ ಸಿಗುವುದಿಲ್ಲ. ಆದರೆ ಎದುರಿನವನೊಬ್ಬನಿಂದಲೇ ಡಿಕ್ಕಿ ತಪ್ಪಿಸಲು ಆಗದಷ್ಟು ಹತ್ತಿರ ಬಂದಾಗ, ಹಕ್ಕು ಇದ್ದವನೂ ತಪ್ಪಿಸಲು ತನ್ನಿಂದಾದದ್ದನ್ನು ಮಾಡಲೇಬೇಕು. "ನಂದೇ ರೈಟು" ಅಂತ ಸಿಗ್ನಲ್‌ನಲ್ಲಿ ಜಗಳಕ್ಕೆ ನಿಲ್ಲುವ ನಮ್ಮಂಥವರಿಗೆ ಇದು ಹೊಸದು.

ಇನ್ನೊಂದು ಸೂತ್ರ ಬೈಕಿಗೂ ಉಪಯೋಗ. ಬರುತ್ತಿರುವ ದೋಣಿ ನಿಮಗೆ ಕಾಣುವ ಕೋನ ಬದಲಾಗದೆ, ಗಾತ್ರ ಮಾತ್ರ ದೊಡ್ಡದಾಗುತ್ತಿದ್ದರೆ, ನೀವಿಬ್ಬರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮುಟ್ಟುತ್ತೀರಿ. ರಿಲೇಟಿವ್ ವೆಲಾಸಿಟಿಯ ವೆಕ್ಟರ್ ಬರೆದು ನೋಡಿ, ಎರಡು ಗೆರೆಯಲ್ಲಿ ಸಾಬೀತಾಗುತ್ತದೆ. ಅದು ಕಂಡಾಗ ಸ್ವಲ್ಪಸ್ವಲ್ಪ ತಿರುಗಿಸುತ್ತಾ ಕೂರಬಾರದು. ಆಚೆಯವನಿಗೆ ಸಂಶಯವೇ ಉಳಿಯದ ಹಾಗೆ ಒಮ್ಮೆಲೇ, ಬೇಗನೇ, ದೊಡ್ಡದಾಗಿ ತಿರುಗಿಸಬೇಕು.

ಚಾಲಕನ ಪಾಲು ಇಷ್ಟಿದ್ದರೂ ಕೆಲವೊಮ್ಮೆ ಯಂತ್ರವೇ ಕೈ ಕೊಡುತ್ತದೆ. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟ್ ನಿಯಂತ್ರಣ ತಪ್ಪಿ, ಎಲಿಫೆಂಟಾಗೆ ಹೊರಟಿದ್ದ ಪ್ರಯಾಣಿಕರ ಫೆರಿಗೆ ಗುದ್ದಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ ತೊಂದರೆಯಿಂದ ಹೀಗಾಯಿತು ಎಂದು ನೌಕಾಪಡೆ ಹೇಳಿತು. ಫೆರಿಯಲ್ಲಿ ಕೂತವರು ಯಾವ ನಿಯಮವನ್ನು ಪಾಲಿಸಿದ್ದರೂ ಆ ಡಿಕ್ಕಿ ತಪ್ಪುತ್ತಿರಲಿಲ್ಲ. ಇಂಥ ಹೊತ್ತಿಗೆ ಕೈಯಲ್ಲಿ ಉಳಿಯುವುದು ಲೈಫ್ ಜಾಕೆಟ್ ಒಂದೇ. ನಮ್ಮ ಕಾರವಾರದಲ್ಲೇ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಹೋದರು, ಮಕ್ಕಳೂ ಇದ್ದರು. ಅಲ್ಲಿ ಡಿಕ್ಕಿಯೂ ಇರಲಿಲ್ಲ, ಬರೀ ಅಲೆ ಮತ್ತು ತುಂಬಿದ ದೋಣಿ.

ಕೊನೆಗೆ ಕಿಲ್ ಸ್ವಿಚ್. ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಓಡಿಸುವವನ ಮಣಿಕಟ್ಟಿಗೋ ಜಾಕೆಟಿಗೋ ಸಿಕ್ಕಿಸುವ ಸುರುಳಿ ದಾರ. ಬಿದ್ದ ಕ್ಷಣ ಕ್ಲಿಪ್ ಕಳಚಿ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕನಿಲ್ಲದ ಬೋಟ್ ಸುತ್ತು ಹಾಕುತ್ತಾ ನೀರಲ್ಲಿ ಬಿದ್ದವನ ಮೇಲೇ ಬರಬಹುದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಇದನ್ನು ಕಟ್ಟಿಕೊಳ್ಳುವುದು 2021ರ ಏಪ್ರಿಲ್‌ನಿಂದ ಕಾನೂನು.

ಈ ವರ್ಷ ಅದೇ ಬೀಚಿಗೆ ಮತ್ತೆ ಹೋಗಿದ್ದೆ. ಅದೇ ಹುಡುಗ ಸಿಕ್ಕ. ಹತ್ತುವ ಮುಂಚೆ "ಅಣ್ಣ, ಆ ದಾರ ಎಲ್ಲಿ?" ಅಂತ ಕೇಳಿದೆ. "ಅದು ಯಾರೂ ಕೇಳೋದಿಲ್ಲ ಮಾರಾಯ್ರೆ" ಅಂತ ನಗುತ್ತಾ ಅವನು ಸೀಟಿನ ಕೆಳಗೆ ಕೈ ಹಾಕಿ, ಉಪ್ಪು ಹಿಡಿದ ಒಂದು ಕೆಂಪು ದಾರ ಹೊರತೆಗೆದು ನನ್ನ ಕೈಗೆ ಕಟ್ಟಿದ.